ಕೆಂಪು ಬೋರಿಗೆ ಹಸಿರು ಬಣ್ಣ

ಬಾಂಗ್ಲಾದ ಮೇಘನಾ ನದಿ ದಡದ ನಮ್ಮ ಕೇರಿಯಲ್ಲಿ ಮೊದಲು ಕೈಪಂಪಿನ ಬೋರು ಹಾಕಿಸಿದವಳು ಮರ್ಜಿನಾ. ಕೇರಿಯ ಕೊಡಗಳೆಲ್ಲ ಅವಳ ಅಂಗಳಕ್ಕೇ ಬರುತ್ತಿದ್ದವು. ಅವಳ ಠೀವಿ ನೋಡಬೇಕಿತ್ತು! ಆಮೇಲೆ ನೀರು ಪರೀಕ್ಷೆ ಮಾಡುವವರು ಬಂದರು. ನೀರಲ್ಲಿ ವಿಷವಿದೆಯೆಂದು ಅವಳ ಬೋರಿಗೆ ಕೆಂಪು ಬಣ್ಣ ಬಳಿದರು, ಕೊಳದಾಚೆಯ ಓರಗಿತ್ತಿ ಕೋಹಿನೂರಳ ಬೋರಿಗೆ ಹಸಿರು. ಮರುದಿನವೇ ಕೊಡಗಳು ಅತ್ತ ತಿರುಗಿದವು. ಮರ್ಜಿನಾಳ ಹೊಟ್ಟೆಗೆ ಬೆಂಕಿ ಬಿತ್ತು.

“ಅವ್ಳು ಬಣ್ಣ ಬಳಿಯೋನಿಗೆ ಇಲಿಶ್ ಮೀನು ಬಡಿಸಿರ್ಬೇಕು!” ಎಂದು ಆರೋಗ್ಯ ಕಾರ್ಯಕರ್ತೆ ನಿಲೂಫಾಳ ಮುಂದೆ ಹಲ್ಲು ಕಡಿದಳು. “ನನ್ನ ನೀರು ನೋಡಮ್ಮ, ಕನ್ನಡಿ ಇದ್ದಂಗಿದೆ.”

“ಬುಬು, ನೀವು ನಂಗೆ ಅಕ್ಕ ಇದ್ದಂಗೆ, ಕೇಳಿ. ಆರ್ಸೆನಿಕ್ ವಿಷ ಕಣ್ಣಿಗೂ ಕಾಣಲ್ಲ, ನಾಲಿಗೆಗೂ ಗೊತ್ತಾಗಲ್ಲ. ನೆಲದೊಳಗಿಂದ ಬರುತ್ತೆ, ನಿಮ್ಮ ತಪ್ಪಲ್ಲ.”

“ಕುದಿಸಿ ಕುಡೀತೀವಿ ಬಿಡು.”

“ಕುದಿಸಿದ್ರೆ ಹುಳ ಸಾಯುತ್ತೆ, ಈ ವಿಷ ಹೋಗಲ್ಲ. ನೀರು ಬತ್ತಿ ಇನ್ನೂ ಜಾಸ್ತಿಯಾಗುತ್ತೆ. ನಿಮ್ಮ ಮಗಳು ಶೆಫಾಲಿ ಅಂಗೈಯಲ್ಲಿ ಗಂಟು ಎದ್ದಿದೆಯಲ್ಲ, ಅದೂ ಇದ್ರಿಂದ್ಲೇ ಇರ್ಬೇಕು, ಮೊದ್ಲು ಆಸ್ಪತ್ರೆಗೆ ತೋರಿಸಿ.”

ಮಗಳ ಅಂಗೈ ಕಂಡಾಗೆಲ್ಲ ಮರ್ಜಿನಾಳಿಗೆ ಭಯವಾಗುತ್ತಿತ್ತು. ಆದರೂ ಓರಗಿತ್ತಿಯ ಅಂಗಳಕ್ಕೆ ಕೊಡ ಹಿಡಿದು ಹೋಗುವುದೇ? ಛೇ! ಗಂಡ ದೋಣಿಗೆಂದು ತಂದಿಟ್ಟಿದ್ದ ಹಸಿರು ಬಣ್ಣವನ್ನು ಬೋರಿಗೆ ಬಳಿದೇಬಿಟ್ಟಳು.

ಬಣ್ಣ ಒಣಗುವಷ್ಟರಲ್ಲಿ ಕೋಹಿನೂರಳ ಮಗಳು ಟುನಿ ಓಡಿಬಂದಳು.

“ದೊಡ್ಡಮ್ಮಾ, ನಿಂದೂ ಹಸಿರಾಯ್ತಾ? ನಮ್ಮಲ್ಲಿ ಸಾಲು ಉದ್ದ ಇದೆ.”

ಕೋಹಿನೂರಳ ಮಗಳೇ ತನ್ನ ಬೋರಿಗೆ ಬಂದಳಲ್ಲ! ಮರ್ಜಿನಾ ಹಿಗ್ಗಿಹೋದಳು. ಟುನಿ ಪಂಪು ಒತ್ತಿ, ಬೊಗಸೆ ತುಂಬಿ ಬಾಯಿಗೆ ಒಯ್ದಳು.

“ಕುಡೀಬೇಡ ಕಣೇ!” ಎಂದು ಮರ್ಜಿನಾ ಮಗುವಿನ ಕೈಗೆ ಪಟ್ಟನೆ ಹೊಡೆದಳು. ನೀರೆಲ್ಲ ಚೆಲ್ಲಿತು.

ಶೆಫಾಲಿ ಬಾಗಿಲಲ್ಲೇ ನಿಂತಿದ್ದಳು. “ಅವ್ಳು ಕುಡೀಬಾರದ ನೀರನ್ನ ನಂಗ್ಯಾಕಮ್ಮಾ ಕೊಡ್ತೀಯಾ?”

 ಮರ್ಜಿನಾ ಕೊಡ ಎತ್ತಿಕೊಂಡು ಕೊಳದಾಚೆ ನಡೆದಳು.

“ಬಂದ್ಯಾ ಮಹಾರಾಣಿ?” ಎಂದಳು ಕೋಹಿನೂರ್.

“ಬಂದೆ. ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ ಕಣೇ.”

“ಅದು ಹೋದಾಗ ಹೋಗ್ಲಿ ಬುಬು. ಕೊಡ ಮುಂದಿಡು, ಮಗು ಬಾಯಾರಿರುತ್ತೆ.”

ಮನೆಗೆ ಬಂದು ಮಗಳಿಗೆ ನೀರು ಕೊಟ್ಟ ಮರ್ಜಿನಾ, ತನ್ನ ಬೋರಿಗೆ ತಾನೇ ಮತ್ತೆ ಕೆಂಪು ಬಳಿದಳು. ಮಗಳನ್ನು ಆಸ್ಪತ್ರೆಗೂ ಕರೆದೊಯ್ದಳು.

ಅಕ್ಕಂದಿರೇ, ನಿಮ್ಮ ಬೋರಿನ ನೀರನ್ನೂ ಪರೀಕ್ಷೆ ಮಾಡಿಸಿ. ಕೆಂಪು ಬೋರಿನ ನೀರು ಬಟ್ಟೆ ಒಗೆಯಲು ಇರಲಿ. ಕುಡಿಯಲು, ಅಡುಗೆಗೆ ಬೇಡವೇ ಬೇಡ. ಪಕ್ಕದ ಮನೆಯವಳ ಮೇಲೆ ಎಷ್ಟು ಬೇಕಾದರೂ ಉರಿದುಕೊಳ್ಳಿ, ಮಕ್ಕಳಿಗೆ ನೀರು ಮಾತ್ರ ಅವಳ ಹಸಿರು ಬೋರಿನಿಂದಲೇ ತನ್ನಿ.