ಸ್ಟಿಕರ್ ಕೆಳಗಿನ ಬೆಲೆ

ಮಹಾರಾಷ್ಟ್ರದ ಔರಂಗಾಬಾದ್ ಪಕ್ಕದ ವಾಳೂಜಿನ ಕಾರ್ಖಾನೆಗಳ ಹಿಂದಿನ ಕಾಲೋನಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ, ಯಾರ ಮನೆಯಲ್ಲಿ ಉಡಿ ತುಂಬಿದರೂ ಲತಾಳಿಗೆ ಕರೆ ಬರುತ್ತಿತ್ತು. ಹೆಣ್ಣುಮಕ್ಕಳ ಕಾರ್ಯಕ್ರಮದಲ್ಲಿ ಹೆಣ್ಣುಮಗಳೇ ಫೋಟೊ ತೆಗೆದರೆ ಚೆಂದ ಎಂದು ಕನ್ನಡದವರೂ ಕರೆಯುತ್ತಿದ್ದರು, ಮರಾಠಿಯವರೂ ಕರೆಯುತ್ತಿದ್ದರು. ಛತ್ರಪತಿ ಸಂಭಾಜಿನಗರವನ್ನು ಎಲ್ಲರೂ ಇನ್ನೂ ಔರಂಗಾಬಾದ್ ಎನ್ನುತ್ತಿದ್ದ ಕಾಲ ಅದು, 2013ನೇ ಇಸವಿ.

ಲತಾ ಬೀದರ ಜಿಲ್ಲೆಯ ಭಾಲ್ಕಿ ಕಡೆಯವಳು. ಗಂಡ ಸಂಗಮನಾಥ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಮಾವ ಮನ್ಮಥಪ್ಪ ಅವರ ಜೊತೆಗೇ ಇದ್ದರು. ಎರಡು ವರ್ಷ ಸ್ವಸಹಾಯ ಸಂಘದಲ್ಲಿ ಉಳಿತಾಯ ಮಾಡಿ ಲತಾ ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಕೊಂಡಿದ್ದಳು. ಅದರಿಂದ ಮನೆಗೆ ನಾಲ್ಕು ಕಾಸು ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, "ಲತಾ ತೆಗೆದರೆ ಫೋಟೊ ಖಂಡಿತ ಬರುತ್ತದೆ" ಎಂಬ ಹೆಸರು ಬಂದಿತ್ತು.

ಒಂದು ದಿನ ಪಕ್ಕದ ಓಣಿಯ ಚನಬಸವ್ವ ಅವಳನ್ನು ಹುಡುಕಿಕೊಂಡು ಬಂದರು. ಎಪ್ಪತ್ತಾರರ ಮುದುಕಿ, ಕಲಬುರಗಿ ಕಡೆಯವರು, ಮಗನ ಮನೆಯಲ್ಲಿ ಇದ್ದರು.

"ಲತಾ, ನನ್ನ ಜೋಡಿ ನಾಶಿಕಕ್ಕ ಬರ್ತಿ ಏನವ್ವಾ? ನನ್ನ ತಂಗಿ ಸುಶೀಲಾ ಅಲ್ಲಿ ಹಾಸಿಗಿ ಹಿಡಿದಾಳ. ತವರುಮನಿ ಹೊಲದ ಮಾತಿಗೆ ಮುನಿಸಿಕೊಂಡು ನಾವಿಬ್ರೂ ಮಾತು ಬಿಟ್ಟು ಹತ್ತೊಂಬತ್ತು ವರ್ಷ ಆಯ್ತು. ಈಗ ಅಕ್ಕನ ಮುಖ ನೋಡಬೇಕು ಅಂತ ಹೇಳಿ ಕಳಿಸ್ಯಾಳ. ನಮ್ಮಿಬ್ರದು ಕೂಡಿ ಒಂದ ಫೋಟೊನೂ ಇಲ್ಲ."

"ಬರ್ತೀನಿ ಆಯಿ," ಎಂದಳು ಲತಾ.

ಮರುದಿನ ನಸುಕಿನಲ್ಲಿ ಇಬ್ಬರೂ ಸರಕಾರಿ ಎಸ್‌ಟಿ ಬಸ್ ಹತ್ತಿದರು. ವೈಜಾಪುರ, ಯೇವಲಾ, ನಿಫಾಡ ದಾಟಿ ಊಟದ ಹೊತ್ತಿಗೆ ನಾಶಿಕ ತಲುಪಿದರು. ತಂಗಿಯ ಮನೆಗೆ ಹೋಗುವ ಮುಂಚೆ ಗೋದಾವರಿಯಲ್ಲಿ ಕೈಕಾಲು ತೊಳೆಯಬೇಕೆಂದು ಚನಬಸವ್ವ ಹೇಳಿದ್ದರಿಂದ ಆಟೋ ಪಂಚವಟಿಗೆ ಹೋಯಿತು. ಅಲ್ಲಿ ಲತಾ ಕ್ಯಾಮೆರಾ ತೆಗೆದಳು. ಹಿಂದಿನ ದಿನದ ಸೀಮಂತದ ಫೋಟೊಗಳಿಂದ ಮೆಮೊರಿ ಕಾರ್ಡ್ ತುಂಬಿಹೋಗಿತ್ತು. ರಾತ್ರಿ ಲೋಡ್‌ಶೆಡ್ಡಿಂಗ್ ಆಗಿ ಬ್ಯಾಟರಿಯೂ ಚಾರ್ಜ್ ಆಗಿರಲಿಲ್ಲ.

ಘಾಟಿನ ಮೇಲಿನ ಗಲ್ಲಿಯಲ್ಲಿ ಯಾತ್ರಿಕರ ಅಂಗಡಿಗಳ ಸಾಲು. ಹಿತ್ತಾಳೆ ಸಾಮಾನು, ತಾಮ್ರದ ತಂಬಿಗೆ, ಅವುಗಳ ನಡುವೆ ಒಂದು ಕ್ಯಾಮೆರಾ ಅಂಗಡಿ. ಲತಾ ಓಡಿದಳು.

ಅಂಗಡಿಯವನು ಅವಳ ಕೈಯಲ್ಲಿದ್ದ ಕ್ಯಾಮೆರಾ ನೋಡಿದ. ಬಾಗಿಲಲ್ಲಿ ಕಾಯುತ್ತಿದ್ದ ಮುದುಕಿಯನ್ನೂ ನೋಡಿದ. ಎಂಟು ಜಿಬಿ ಕಾರ್ಡು ಮತ್ತು ಬ್ಯಾಟರಿ ತೆಗೆದಿಟ್ಟು, ಕಾರ್ಡಿಗೆ ಸಾವಿರದ ನಾನೂರ ಐವತ್ತು, ಬ್ಯಾಟರಿಗೆ ಸಾವಿರದ ಏಳುನೂರು ಎಂದ.

"ಇಷ್ಟ್ಯಾಕ್ರಿ ಭೈಯಾ? ನಮ್ಮ ಔರಂಗಾಬಾದನ್ಯಾಗ ಐದುನೂರಕ್ಕ ಕಾರ್ಡ್ ಸಿಗ್ತದ," ಎಂದು ಲತಾ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಕೇಳಿದಳು.

"ಫಿಕ್ಸ್ ರೇಟ್ ಹೈ ಬೆಹೆನ್‌ಜಿ," ಎಂದು ಅವನು ಡಬ್ಬಿಯ ಮೇಲಿನ ಬಿಳಿ ಸ್ಟಿಕರ್ ತೋರಿಸಿದ. ಅದರ ಮೇಲೆ ಅಷ್ಟೇ ಬೆಲೆ ಬರೆದಿತ್ತು. ಬಿಲ್ ಕೇಳಿದರೆ, ಬಿಲ್ ಬೇಕಾದರೆ ತೆರಿಗೆ ಬೇರೆ ಹತ್ತುತ್ತದೆ ಎಂದ. ಕೊನೆಗೆ ಒಂದು ಚೀಟಿಯ ಮೇಲೆ ತಾರೀಖು, ಸಾಮಾನಿನ ಹೆಸರು, ಮೊತ್ತ ಗೀಚಿ ಅಂಗಡಿಯ ಹೆಸರಿನ ಶಿಕ್ಕಾ ಒತ್ತಿ, "ಇದೇ ಗ್ಯಾರಂಟಿ" ಎಂದು ಕೊಟ್ಟ.

ಲತಾಳ ಹತ್ತಿರ ಇದ್ದದ್ದು ಸಂಘದ ಕಂತಿನ ದುಡ್ಡು. ಚನಬಸವ್ವ ಬಿಸಿಲಲ್ಲಿ ನಿಂತಿದ್ದರು. ಕೊಟ್ಟಳು. ಖಾಲಿ ಡಬ್ಬಿಗಳನ್ನೂ ಚೀಟಿಯನ್ನೂ ಬ್ಯಾಗಿಗೆ ತುರುಕಿದಳು. ಘಾಟಿನಲ್ಲಿ ಬೇಕಾದಷ್ಟು ಫೋಟೊ ತೆಗೆದಳು.

ಸುಶೀಲಾಬಾಯಿಯ ಮನೆ ಹಳೆಯ ನಾಶಿಕದ ಒಂದು ವಾಡೆಯಲ್ಲಿ, ಹಳೆಗಾಲದ ದೊಡ್ಡ ಕಟ್ಟಡದಲ್ಲಿತ್ತು; ಅದರ ಬಾಗಿಲಿನ ಫೋಟೊವನ್ನೂ ಲತಾ ತೆಗೆದಳು. ಕಿಟಕಿಯ ಪಕ್ಕದ ಮಂಚದ ಮೇಲೆ ಅವರು ಎಲುಬಿನ ಹಂದರವಾಗಿ ಮಲಗಿದ್ದರು. ಅಕ್ಕ ಹೊಸ್ತಿಲಲ್ಲಿ ನಿಂತರು.

"ಮೊಣಕಾಲು ನೋಯ್ತಾವಲ್ಲ, ಬಸ್ಸಿನಾಗ ಹ್ಯಾಂಗ ಬಂದಿ?" ಎಂದರು ಸುಶೀಲಾಬಾಯಿ.

ಚನಬಸವ್ವ ಹೋಗಿ ಮಂಚದ ಮೇಲೆ ಕುಳಿತರು. ತಂಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಟುಗಟ್ಟಿದ ಕೂದಲನ್ನು ಬೆರಳಿನಿಂದ ಬಿಡಿಸತೊಡಗಿದರು. ಇಬ್ಬರ ಕಣ್ಣಲ್ಲೂ ನೀರು ಇಳಿಯುತ್ತಿತ್ತು. ಆಮೇಲೆ ಏನೋ ಹಳೆಯ ಮಾತು ನೆನಪಾಗಿ ಸುಶೀಲಾಬಾಯಿ ನಕ್ಕರು, ಅಕ್ಕನೂ ನಕ್ಕರು. ಲತಾ ಒಂದೊಂದೇ ಫೋಟೊ ತೆಗೆದಳು. ತನ್ನ ಕೈಯಿಂದ ಇದಕ್ಕಿಂತ ಒಳ್ಳೆಯ ಫೋಟೊ ಬರಲಾರದು ಎನಿಸಿತು ಅವಳಿಗೆ.

ನಾಲ್ಕು ದಿನ ಬಿಟ್ಟು ಪ್ರಿಂಟ್ ಹಾಕಿಸಲು ಔರಂಗಾಬಾದಿನ ಸ್ಟುಡಿಯೊಗೆ ಹೋದಳು. ಗೋದಾವರಿ ಘಾಟು ಬಂತು, ವಾಡೆಯ ಬಾಗಿಲು ಬಂತು. ಮುಂದೆ ಎಲ್ಲವೂ ಬೂದು ಬಣ್ಣದ ಚೌಕಗಳು. ಸ್ಟುಡಿಯೊದವನು ಎರಡು ಬಗೆಯಲ್ಲಿ ಪ್ರಯತ್ನಿಸಿ ತಲೆಯಾಡಿಸಿದ. ಕಾರ್ಡು ನಕಲಿ, ಹೊರಗೆ ಎಂಟು ಜಿಬಿ ಎಂದು ಬರೆದಿದೆ, ಒಳಗೆ ಒಂದು ಜಿಬಿಯೂ ಇಲ್ಲ, ತುಂಬಿದ ಮೇಲೆ ತೆಗೆದ ಯಾವ ಫೋಟೊವೂ ಅದರಲ್ಲಿ ಉಳಿದಿಲ್ಲ ಎಂದ.

ಲತಾ ಮನೆಗೆ ಬಂದು ಗೋಡೆಗೆ ಒರಗಿ ಕುಳಿತಳು. ಮಾವ ಎಲ್ಲವನ್ನೂ ಕೇಳಿಸಿಕೊಂಡರು.

"ಕ್ಯಾಮೆರಾ ಕೆಟ್ಟಿತ್ತು ಅಂತ ಹೇಳು, ಮುಗೀತು," ಎಂದರು ಮನ್ಮಥಪ್ಪ. "ಯಾತ್ರಾ ಜಾಗದಾಗ ಮಂದಿನ್ನ ಸುಲೀತಾರ. ಇದು ಹೊಸಾದೇನಲ್ಲ."

"ಆಯಿ ಮುಂದ ಸುಳ್ಳು ಹೇಳ್ಲಿಕ್ಕ ಆಗಂಗಿಲ್ಲ ಮಾವಾರ. ಇನ್ನೊಮ್ಮೆ ನನ್ನ ಖರ್ಚಿನಾಗೇ ಕರ್ಕೊಂಡು ಹೋಗಿ ತೆಗೀತೀನಿ."

ಹೇಗೆ ಹೇಳಬೇಕೆಂದು ತಿಳಿಯದೆ ಇಂದು ನಾಳೆ ಎನ್ನುತ್ತ ಒಂದು ವಾರ ಕಳೆಯಿತು. ಕೊನೆಗೆ ಧೈರ್ಯ ಮಾಡಿ ಹೊರಟ ದಿನವೇ ಚನಬಸವ್ವನ ಮನೆಯ ಮುಂದೆ ಜನ ನೆರೆದಿದ್ದರು. ಬೆಳಿಗ್ಗೆ ನಾಶಿಕದಿಂದ ಫೋನ್ ಬಂದಿತ್ತು. ಸುಶೀಲಾಬಾಯಿ ತೀರಿಕೊಂಡಿದ್ದರು.

ಮೂರು ದಿನದ ಮೇಲೆ ಲತಾ ಮತ್ತೆ ಹೋದಳು. ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಚನಬಸವ್ವ ಬೈಯಲಿಲ್ಲ. ಬೈದಿದ್ದರೆ ಲತಾಳಿಗೆ ಹಗುರವಾಗುತ್ತಿತ್ತೇನೋ. ಅವರು ಬಾಗಿಲು ಮತ್ತು ಘಾಟಿನ ಪ್ರಿಂಟುಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಆಕಿ ನಕ್ಕಿದ್ದು ನೀ ನೋಡೀದಿ ಹೌದಿಲ್ಲೋ ಲತಾ?" ಎಂದು ಕೇಳಿದರು.

"ನೋಡೀನಿ ಆಯಿ."

"ಈಗ ಅದು ನಿನಗ, ನನಗ ಅಷ್ಟೇ ಗೊತ್ತು."

ಅಲ್ಲೇ ವಸುಧಾ ಕುಳಿತಿದ್ದರು. ಧಾರವಾಡದವರು, ವರ್ಗವಾಗಿ ಬಂದು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದರು, ಅದೇ ಮನೆಯ ಮಾಳಿಗೆಯ ಮೇಲೆ ಬಾಡಿಗೆಗಿದ್ದರು. ಭಾನುವಾರ ಭಾನುವಾರ ಗ್ರಾಹಕರಿಗೆ ಉಚಿತ ಸಲಹೆ ಕೊಡುವ ಒಂದು ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು.

"ಡಬ್ಬಿ ಅದಾವೇನ್ರಿ ಲತಾ? ಚೀಟಿ?"

ಲತಾ ಬ್ಯಾಗಿನಿಂದ ತೆಗೆದುಕೊಟ್ಟಳು. ವಸುಧಾ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಿಳಿ ಸ್ಟಿಕರಿನ ಕೆಳಗೆ ಅಚ್ಚಾದ ಅಕ್ಷರ ಮಸುಕಾಗಿ ಕಂಡಿತು. ಕಾರ್ಡಿನ ಎಂಆರ್‌ಪಿ ನಾನೂರ ತೊಂಬತ್ತೈದು. ಬ್ಯಾಟರಿಯದು ಆರುನೂರ ಐವತ್ತು.

ಲತಾ ಸ್ಟಿಕರ್ ಕೀಳಲು ಉಗುರು ಹಾಕಿದಳು. ವಸುಧಾ ಕೈ ಹಿಡಿದರು.

"ಬ್ಯಾಡ್ರಿ. ಇದು ಸಾಕ್ಷಿ. ಹಿಂಗ ಇರಲಿ."

ಆ ಸಂಜೆ ವಸುಧಾ ಲತಾಳ ಮನೆಗೇ ಬಂದರು. ಮನ್ಮಥಪ್ಪ ಚಹಾ ಕೊಡಿಸಿದರು, ಆದರೆ ದೂರು ಕೊಡುವ ಮಾತಿಗೆ ಒಪ್ಪಲಿಲ್ಲ.

"ಅಕ್ಕಾರ, ನಾವು ಪರಮುಲಕದ ಮಂದಿ. ಹೆಚ್ಚಿಗಿ ಹೋದ ಎರಡು ಸಾವಿರಕ್ಕ ವಕೀಲ, ಕಚೇರಿ ಅಂತ ಹತ್ತು ಸಾವಿರ ಹಾಕ್ಲಿಕ್ಕ ನಮ್ಮ ಹಂತ್ಯಾಕ ಎಲ್ಲೀದು? ಲತಾ ರೊಕ್ಕಾ ಕೊಡೂ ಮೊದ್ಲ ವಿಚಾರ ಮಾಡ್ಬೇಕಿತ್ತು."

"ಮನ್ಮಥಪ್ಪನವರ, ನೀವು ಊರಾಗ ಏನು ಕೆಲಸಾ ಮಾಡ್ತಿದ್ರಿ?"

"ಭಾಲ್ಕಿ ಅಡತಿ ಅಂಗಡ್ಯಾಗ ತೂಕ ಮಾಡ್ತಿದ್ದೆ. ಮೂವತ್ತು ವರ್ಷ."

"ವರ್ಷಕ್ಕೊಮ್ಮೆ ಸರಕಾರದವರು ಬಂದು ತಕ್ಕಡಿ, ಕಲ್ಲು ತಪಾಸ್ ಮಾಡಿ ಮುದ್ರಿ ಹಾಕ್ತಿದ್ರೋ ಇಲ್ಲೋ?"

"ಹಾಕ್ತಿದ್ರು. ಮುದ್ರಿ ಇಲ್ದ ಕಲ್ಲು ಇಟ್ರ ದಂಡ."

"ಅದೇ ತೂಕ-ಅಳತಿ ಇಲಾಖೆ ಇದನ್ನೂ ನೋಡ್ತದ್ರಿ. ಡಬ್ಬಿ ಮ್ಯಾಲೆ ಅಚ್ಚು ಹಾಕಿದ ಬೆಲೆಕಿಂತ ಒಂದು ರೂಪಾಯಿ ಹೆಚ್ಚಿಗಿ ತಗೊಂಡ್ರೂ ತಪ್ಪು. ಅದರ ಮ್ಯಾಲೆ ಸ್ಟಿಕರ್ ಅಂಟಿಸಿ ಬೆಲೆ ಏರಿಸೋದೂ ತಪ್ಪು. ಎಂಆರ್‌ಪಿ ಒಳಗ ತೆರಿಗಿ ಎಲ್ಲಾ ಸೇರಿರತದ. ಬಿಲ್‌ಗೆ ಬ್ಯಾರೆ ತೆರಿಗಿ ಅನ್ನೋದು ಶುದ್ಧ ಸುಳ್ಳು."

ಮನ್ಮಥಪ್ಪ ಲೋಟ ಕೆಳಗಿಟ್ಟರು. "ಅಂದ್ರ ಇದು ಕಳ್ಳ ಕಲ್ಲು ಇಟ್ಟಂಗೇ?"

"ಹಂಗೇ. ಇನ್ನ ವಕೀಲರ ಮಾತು. ಗ್ರಾಹಕರ ವೇದಿಕೆಗೆ ವಕೀಲರು ಬೇಕೇ ಬೇಕು ಅಂತಿಲ್ಲ. ಲತಾ ತಾನೇ ದೂರು ಬರೀಬಹುದು, ತಾನೇ ಮಾತಾಡಬಹುದು. ಎರಡು ವರ್ಷದ ಒಳಗ ಕೊಡಬೇಕು, ಅಷ್ಟೇ. ಮೊದಲ ಅಂಗಡಿಯವಗ ರಿಜಿಸ್ಟರ್ ಪೋಸ್ಟ್ ಹಾಕೂಣು. ಒಂದು ಪ್ರತಿ ನಾಶಿಕದ ತೂಕ-ಅಳತಿ ಕಚೇರಿಗೆ. ಆದ್ರ ಒಂದು ಮಾತು ಲತಾ. ಈ ಚೀಟಿಗೆ ಶಿಕ್ಕಾ ಇರೋದ್ರಿಂದ ಕೆಲಸ ನಡೀತದ. ಇದೂ ಇಲ್ಲದಿದ್ರ ಅಂವಾ 'ನೀವು ನನ್ನ ಅಂಗಡಿಗೇ ಬಂದಿಲ್ಲ' ಅಂದಬಿಡ್ತಿದ್ದ."

"ಫೋಟೊ ವಾಪಸ್ ಬರಂಗಿಲ್ಲಲ್ರಿ ಅಕ್ಕಾರ," ಎಂದಳು ಲತಾ.

"ಬರಂಗಿಲ್ಲ. ಆ ಗಲ್ಲ್ಯಾಗ ದಿನಾ ಎಷ್ಟು ಮಂದಿ ಬರ್ತಾರ, ಹೇಳ್ರಿ. ಒಬ್ರೂ ಕೇಳಿಲ್ಲ. ಅದಕ್ಕ ಆ ಡಬ್ಬಿ ನಿಮ್ಮ ಕೈಗೆ ಬಂತು."

ಪತ್ರ ಹೋಯಿತು. ಅಂಗಡಿಯವನು ಉತ್ತರ ಬರೆಯಲಿಲ್ಲ, ಫೋನ್ ಮಾಡಿದ. ಐದುನೂರು ಕೊಡುತ್ತೇನೆ, ಸುಮ್ಮನಿರು ಎಂದ. ಆಮೇಲೆ ದನಿ ಏರಿಸಿದ. ಫೋನ್ ಇಟ್ಟ ಮೇಲೆ ದೂರು ಬರೆಯಲು ಲತಾಳೇ ಹಾಳೆ ತೆಗೆದಳು.

ವೇದಿಕೆಯ ವಿಚಾರಣೆಯ ಮೊದಲ ತಾರೀಖಿಗೆ ಮನ್ಮಥಪ್ಪ ಸೊಸೆಯ ಜೊತೆ ನಾಶಿಕಕ್ಕೆ ಹೊರಟರು. ಕೆಲಸ ಮುಗಿದ ಮೇಲೆ ಆ ಗಲ್ಲಿ ನೋಡಬೇಕೆಂದರು. ಅಂಗಡಿಯ ಎದುರಿಗೆ ನಿಂತರು. ಒಳಗೆ ಗಂಡಹೆಂಡಿರಿಬ್ಬರು ಕ್ಯಾಮೆರಾದ ಬ್ಯಾಟರಿ ಕೊಳ್ಳುತ್ತಿದ್ದರು. ಅಂಗಡಿಯವನು ಅದೇ ಮಾತು ಹೇಳುತ್ತಿದ್ದ: ಫಿಕ್ಸ್ ರೇಟ್.

ಮನ್ಮಥಪ್ಪ ಯಾವತ್ತೂ ಬೇರೆಯವರ ವ್ಯವಹಾರದಲ್ಲಿ ತಲೆ ಹಾಕಿದವರಲ್ಲ. ಅವತ್ತು ಮೆಟ್ಟಿಲು ಹತ್ತಿ ತಮಗೆ ಬರುವ ಹರಕುಮುರುಕು ಮರಾಠಿಯಲ್ಲೇ ಆ ಗಂಡಸಿಗೆ ಹೇಳಿದರು: "ಡಬ್ಬಿ ಬೆಳಕಿಗೆ ಹಿಡೀರಿ ಸಾಹೇಬ್ರ. ಸ್ಟಿಕರ್ ಕೆಳಗ ಏನು ಬರದದ ನೋಡ್ರಿ."

ಆ ಮನುಷ್ಯ ನೋಡಿದ. ದುಡ್ಡನ್ನು ಜೇಬಿಗೆ ಹಾಕಿಕೊಂಡ. ಅಂಗಡಿಯವನು ಕೂಗಾಡಿದ, ಅಕ್ಕಪಕ್ಕದವರು ಇಣುಕಿದರು. ಆದರೂ ಮನ್ಮಥಪ್ಪ ಮೆಟ್ಟಿಲು ಇಳಿದದ್ದು ಆ ಗಂಡಹೆಂಡಿರು ಹೊರಗೆ ಬಂದ ಮೇಲೆಯೇ.

ಆಮೇಲೆ ತಿಂಗಳೊಳಗೆ ಇಲಾಖೆಯವರು ಅಂಗಡಿ ತಪಾಸಣೆ ಮಾಡಿ, ಸ್ಟಿಕರ್ ಅಂಟಿಸಿದ ಡಬ್ಬಿಗಳನ್ನು ಜಪ್ತಿ ಮಾಡಿದರು. ದಂಡ ಬಿತ್ತು. ವೇದಿಕೆಯ ತೀರ್ಪು ಬರಲು ಎಂಟು ತಿಂಗಳು ಹಿಡಿಯಿತು. ಲತಾ ನಾಲ್ಕು ಸಲ ನಾಶಿಕಕ್ಕೆ ಓಡಾಡಿದಳು. ಸಾಮಾನಿನ ಪೂರ್ತಿ ಹಣ, ಮನಸ್ಸಿಗಾದ ನೋವಿಗೆ ಐದು ಸಾವಿರ, ಖರ್ಚಿಗೆ ಎರಡು ಸಾವಿರ ಕೊಡಬೇಕೆಂದು ಆದೇಶವಾಯಿತು.

ಹಣ ಕೈಗೆ ಬಂದ ಮೇಲೆ ಆ ಐದು ಸಾವಿರವನ್ನು ಲತಾ ಚನಬಸವ್ವನ ಮುಂದೆ ಇಟ್ಟಳು. ಮಾವನೂ ಜೊತೆಗಿದ್ದರು. ಚನಬಸವ್ವ ಅದನ್ನು ಮುಟ್ಟಲಿಲ್ಲ.

"ಇದು ನೀ ಓಡಾಡಿ ದುಡಿದದ್ದು, ನಿಂದು. ನನಗ ಬೇಕಾದ್ದು ಯಾವ ಕೋರ್ಟಿನಾಗೂ ಸಿಗಂಗಿಲ್ಲ. ನೀ ಒಂದು ಕೆಲಸ ಮಾಡು. ನಿಮ್ಮ ಸಂಘದ ಹೆಣ್ಣುಮಕ್ಕಳಿಗಿ ಇದನ್ನ ಹೇಳು. ನನ್ನ ಹೆಸರು ಹಿಡಿದೇ ಹೇಳು, ನಾಚಿಕಿ ಇಲ್ಲ. ಇನ್ನೊಬ್ಬಾಕಿಗಿ ಹಿಂಗ ಆಗಬಾರದು."

ಲತಾ ಮುಂದಿನ ಶನಿವಾರವೇ ಸಂಘದಲ್ಲಿ ಹೇಳಿದಳು. ಮನ್ಮಥಪ್ಪ ಬಾಗಿಲ ಹೊರಗೆ ಕುಳಿತು ಕೇಳಿದರು. ಅವಳು ಮರೆತ ಒಂದು ಮಾತನ್ನು ಅಲ್ಲಿಂದಲೇ ಕೂಗಿ ಹೇಳಿದರು: "ಬಿಲ್ ತಗೋರಿ ಅಂತ ಹೇಳು!"

ಓದುತ್ತಿರುವ ಅಕ್ಕಾ, ಅಣ್ಣಾ, ನೀವೂ ಎಲ್ಲೋರಾದ ವೇರೂಳಕ್ಕೋ ನಾಶಿಕಕ್ಕೋ ಹೋಗುತ್ತೀರಿ. ಅವಸರದಲ್ಲಿ ಒಂದು ಬ್ಯಾಟರಿ, ಒಂದು ಕಾರ್ಡು, ಒಂದು ನೀರಿನ ಬಾಟಲಿ ಕೊಳ್ಳುತ್ತೀರಿ. ದುಡ್ಡು ಕೊಡುವ ಮುಂಚೆ ಡಬ್ಬಿಯನ್ನು ತಿರುಗಿಸಿ ನೋಡಿ. ಬೆಲೆಯ ಮೇಲೆ ಬೇರೆ ಸ್ಟಿಕರ್ ಇದ್ದರೆ ಅಲ್ಲಿಯೇ ಕೇಳಿ. ಬಿಲ್ ಇಲ್ಲದೆ ಅಂಗಡಿ ಇಳಿಯಬೇಡಿ. ಬಿಲ್ಲು, ಡಬ್ಬಿ ಎರಡನ್ನೂ ಜೋಪಾನ ಮಾಡಿ. ಆದರೂ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1800-11-4000ಕ್ಕೆ ಫೋನ್ ಮಾಡಿ, ಅದಕ್ಕೆ ದುಡ್ಡಿಲ್ಲ. ಹೋದ ಹಣ ಹೋಯಿತೆಂದು ನೀವು ಸುಮ್ಮನಾದರೆ, ಅದೇ ಡಬ್ಬಿ ನಾಳೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಕೇಳಿ. ನಿಮಗಾಗಿ ಕೇಳಿ, ನಿಮ್ಮ ಹಿಂದೆ ಸಾಲಿನಲ್ಲಿ ನಿಂತವರಿಗಾಗಿಯೂ ಕೇಳಿ.