ಮಾವನ ಬೆರಳಿಗೆ ಸಿಗಬಾರದ ತೂತುಗಳು

ಉಗುರು ತಗಡಿನ ಮೇಲೆ ಹರಿಯುವ ಸದ್ದು, ಜಿರ್ರ್, ನಿಂತಿತು, ಮತ್ತೆ ಜಿರ್ರ್, ಮಾವ ಆ ಕಡೆ ಇಂಜಿನ್ ಪಕ್ಕ ನಿಂತು ತಡವುತ್ತಿದ್ದಾರೆ, ಅವರ ಮುಖ ನೋಡುವ ಧೈರ್ಯವಿಲ್ಲದೆ ನಾನು ಈ ಕಡೆ, ಚಕ್ರ ಬಿಚ್ಚಿದ ಗೂಡಿನಲ್ಲಿ ಕುಕ್ಕರುಗಾಲಲ್ಲಿ, ನಡುವೆ ನಾನೇ ಕೂರಿಸಿದ ಹೊಸ ಒಳ ಮಡ್‌ಗಾರ್ಡ್, ಅವರ ಕಣ್ಣು ಮಂಜಾಗಿ ಮೂರು ವರ್ಷ, ಬೆರಳಿಗೆ ಮಾತ್ರ ಇನ್ನೂ ಹದ್ದಿನ ಕಣ್ಣು, ಈಗ ಹಾರ್ನಿನ ತೂತು ದಾಟಿತು, ಅದರ ಪಕ್ಕದಲ್ಲಿ ನಾನು ಮುಚ್ಚಿದ ಮೊದಲನೆಯದಿದೆ, ಅಂದರೆ ಇತ್ತು — ಜಿರ್ರ್ — ದಾಟಿಯೇ ಬಿಟ್ಟಿತು, ಸಿಗಲಿಲ್ಲ, ದೇವರೇ, ಸಿಗಲಿಲ್ಲ. ಪೆಟ್ಟಿಗೆ ಬಿಚ್ಚಿದ ದಿನ ನಗು ಬಂದಿತ್ತು, ಮಡ್‌ಗಾರ್ಡ್ ಕಳಿಸಿದ್ದಾರೋ ಜರಡಿ ಕಳಿಸಿದ್ದಾರೋ, ಹದಿನಾಲ್ಕು ತೂತು, ಬ್ಯಾಟರಿ ಎಡಕ್ಕಿರುವ ಲಾರಿಗೂ ಬಲಕ್ಕಿರುವ ಲಾರಿಗೂ ಒಂದೇ ತಗಡು, ಊರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿದಂತೆ, ಈ ಇಟ್ಟಿಗೆ ಲಾರಿಯ ಬೋಲ್ಟಿಗೂ ವೈರಿಗೂ ಎಂಟು ಸಾಕು, ಉಳಿದ ಆರು ಬಾಯಿ ತೆರೆದುಕೊಂಡು ಕೂತಿದ್ದವು. ಲಾರಿಯವರು ಅಂದರು, ರಬ್ಬರ್ ಬಿರಡೆ ತುರುಕಿ ಬಿಡಿ ಅಕ್ಕಾ, ಬಾನೆಟ್ ಒಳಗೆ ಯಾರು ಬಗ್ಗಿ ನೋಡ್ತಾರೆ, ನನ್ನ ಗಂಡ ಅಂದರು, ಪುಟ್ಟಿ ಮೆತ್ತಿ ಬಣ್ಣ ಹೊಡೀತೀನಿ ಅರ್ಧ ಗಂಟೇಲಿ, ಮಾವ ಮಗನತ್ತ ತಿರುಗಿ, ಹೌದಪ್ಪಾ, ನಿನ್ನ ಪುಟ್ಟಿ ಮೊದಲ ಹಳ್ಳ ಬರೋವರೆಗೆ ಕೂತಿರುತ್ತೆ, ಆಮೇಲೆ ನನಗೆ ಹೇಳ್ದೆ ಇಳಿದು ಹೋಗುತ್ತೆ, ಅಂದು, ಮೊಳೆಯಲ್ಲಿ ತೂಗುವ ಸುತ್ತಿಗೆಯ ಕಡೆ ಕೈ ಮಾಡಿ ನನಗೆ ಹೇಳಿದ್ದು, ಆರನ್ನೂ ನನ್ನ ಬೆರಳಿಗೆ ಸಿಗದ ಹಾಗೆ ಮುಚ್ಚಮ್ಮ, ಮುಚ್ಚಿದ್ರೆ ಇದು ನಿನ್ನದು. ಅವರಪ್ಪನ ಕೈಯಿಂದ ಅವರಿಗೆ ಬಂದ ಸುತ್ತಿಗೆ, ಹಿಡಿಯಲ್ಲಿ ಇಬ್ಬರ ಬೆರಳಿನ ಗುಳಿ, ಮಗನಿಗೂ ಕೊಡದ್ದು.

ಜಿರ್ರ್, ಎರಡು, ಮೂರೂ ಹೋಯಿತು, ಗುರುತೇ ಇಲ್ಲ, ಹೇಗಿದ್ದೀತು, ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದು ಒಂದೊಂದೇ ಚುಕ್ಕೆ ವೆಲ್ಡಿಂಗ್, ಒಂದು ಚುಕ್ಕೆ ಇಟ್ಟು ತಗಡು ತಣ್ಣಗಾಗುವವರೆಗೆ ಕಾದು ಇನ್ನೊಂದು, ಅವಸರ ಮಾಡಿದರೆ ತಗಡು ಹಪ್ಪಳ, ಕಾಯುವುದು ನನಗೆ ಕಷ್ಟವಲ್ಲ, ತಾತ ಪದ್ಯ ಓದುವಾಗ ಕಂಬಕ್ಕೊರಗಿ ಮುಂದಿನ ಸಾಲಿಗೆ ಕಾಯುತ್ತ ಬೆಳೆದವಳು, ಸಾಲಿನ ನಡುವೆ ಅವರು ಉಸಿರು ತೆಗೆದುಕೊಳ್ಳುತ್ತಿದ್ದರು, ಅಲ್ಲಿ ಅಕ್ಷರವಿಲ್ಲ, ನಾನು ಅದನ್ನೂ ಕೇಳಿಸಿಕೊಳ್ಳುತ್ತಿದ್ದೆ. ಮದುವೆಯಾಗಿ ಬಂದ ವರ್ಷ, ಮೊದಲ ಸಲ ತೂತು ಮುಚ್ಚಿದ್ದೆ, ಮಾವ ಬೆರಳು ಒತ್ತಿದರು, ಟಕ್ ಎಂದು ಮುಚ್ಚಳ ಉದುರಿತು, ತಗಡಿನ ಈಚೆ ನನ್ನ ಮೂಗಿನೆದುರು ಅವರ ಬೆರಳ ತುದಿ, ಕರಿ ಉಗುರು, ಗೊಂಬೆಯ ತಲೆಯಂತೆ ಕುಣಿಯುತ್ತ, ಸೊಸೆಮ್ಮಾ, ಬಾಗಿಲು ಹಾಕ್ಲಿಲ್ವಾ, ಸೀದಾ ಒಳಗೆ ಬಂದ್ಬಿಟ್ಟೆ! ಅಂಗಡಿಯೆಲ್ಲ ನಕ್ಕಿತ್ತು, ನಾನೂ ನಕ್ಕಿದ್ದೆ, ಆದರೆ ಆ ಬೆರಳು ಇಪ್ಪತ್ತೆರಡು ವರ್ಷ ನಿದ್ದೆಯಲ್ಲೂ ತಗಡು ತೂರಿ ಬಂದಿದೆ.

ನಾಲ್ಕು. ಐದು, ಐದನೆಯದರ ಮೇಲೆ ನಿಂತಿತಲ್ಲ, ಇಲ್ಲ, ಉಸಿರಿಗೆ ನಿಂತದ್ದು, ಹೋಯಿತು. ಇನ್ನು ಬ್ಯಾಟರಿಯ ಕೆಳಗಿನ ಮೂಲೆ. ಅದನ್ನೂ ಮುಚ್ಚಿದ್ದೆ, ಅದಕ್ಕೆ ಬೋಲ್ಟಿಲ್ಲ ವೈರಿಲ್ಲ, ಮುಚ್ಚಿ ಉಜ್ಜಿ ಮೆರೆದಿದ್ದೆ, ಈ ಬೆಳಿಗ್ಗೆ ತೊಳೆಯಲೆಂದು ಒಂದು ಚೊಂಬು ನೀರು ಸುರಿದರೆ ನೀರು ಅಲ್ಲೇ ಕೂತಿತು, ಹೋಗಲು ದಾರಿಯಿಲ್ಲದ ನೆಂಟರಂತೆ, ನನ್ನ ಮುಖ ಅದರಲ್ಲಿ ಕಾಣುತ್ತಿತ್ತು, ಓಡಿ ಹೋಗಿ ಹಳೇ ತಗಡು ಎಳೆದು ನೋಡಿದೆ, ಆ ಮೂಲೆಯೇ ಇಲ್ಲ, ತುಕ್ಕು ನುಂಗಿ ಹಾಕಿದೆ, ಆಗ ಅರ್ಥವಾಯಿತು, ಅದು ನೀರಿಳಿಯಲು ಬಿಟ್ಟ ತೂತು, ಪದ್ಯದ ಸಾಲಿನ ನಡುವಿನ ಉಸಿರಿನ ಜಾಗ, ತೆಗೆಯಬೇಕು, ತೆಗೆದರೆ ಬೆರಳಿಗೆ ಸಿಗುತ್ತದೆ, ಸಿಕ್ಕರೆ ಸುತ್ತಿಗೆ ಮೊಳೆಯಲ್ಲೇ, ಡ್ರಿಲ್ ಹಿಡಿದು ಬಗ್ಗಿದೆ — ತೂತು ಎಲ್ಲಿ? ನಾನೇ ಮುಚ್ಚಿದ್ದು ನನಗೇ ಸಿಗಲಿಲ್ಲ, ಕಣ್ಣಿಗಿಲ್ಲ, ಬೆರಳಿಗಿಲ್ಲ, ಅಂದಾಜಿನ ಮೇಲೆ ಕೊರೆದೆ, ನಾಚಬೇಕಾದ ಹೊತ್ತಿನಲ್ಲಿ ಎದೆ ಉಬ್ಬಿತ್ತು, ಕ್ಷಮಿಸು ದೇವರೇ, ಈಗಲೂ ಉಬ್ಬುತ್ತಿದೆ. ಜಿರ್ರ್, ಕೆಳಗೆ, ಇನ್ನೂ ಕೆಳಗೆ, ಸದ್ದು ನಿಂತಿತು. ಬೆರಳ ತುದಿ ಈಚೆ ಬಂತು.

ಆರೂ ಮುಚ್ಚು ಅಂದಿದ್ದೆ, ಅಂದರು ಮಾವ. ಮುಚ್ಚಿದ್ದೆ ಮಾವ, ನೀರು ನಿಂತ್ಕೊಳ್ತು, ಬೆಳಿಗ್ಗೆ ತೆಗೆದೆ. ಅವರ ಬೆರಳು ಅಂಚನ್ನು ಒಂದು ಸುತ್ತು ಬಂತು, ನಾನು ಅರ ಹಿಡಿದು ನಯ ಮಾಡಿದ ಅಂಚು, ಆಮೇಲೆ ಅವರ ದನಿ, ಹಳೇ ತಗಡು ಕೂರಿಸಿದ್ದೂ ನಾನೇ ಕಣಮ್ಮಾ, ಈ ಮೂಲೆ ಮುಚ್ಚಿದ್ದೆ, ಯಾರ ಬೆರಳಿಗೂ ಸಿಗದ ಹಾಗೆ, ಲಾರಿಯವರು ಹೊಗಳಿದ್ದೇ ಹೊಗಳಿದ್ದು, ಕೊಳೆತ ಮೇಲೂ ನಾನು ಬಾಯಿ ಬಿಡ್ಲಿಲ್ಲ, ನೀನು ಒಂದು ಚೊಂಬು ನೀರಿಗೇ ಬಾಯಿ ಬಿಟ್ಟೆ — ಮುಖ ಕಾಣುವುದಿಲ್ಲ — ಆ ಸುತ್ತಿಗೆ ಇನ್ಮೇಲೆ ಮೊಳೆಗೆ ಹಾಕ್ಬೇಡ, ಕೈಲಿಟ್ಕೋ. ಏಳಬೇಕು, ಕಾಲಿಗೆ ಬೀಳಬೇಕು, ನಾನು ಏಳುತ್ತಿಲ್ಲ, ಅವರೂ ಬೆರಳು ಹಿಂದೆ ತೆಗೆಯುತ್ತಿಲ್ಲ, ಕುಣಿಯುತ್ತಿಲ್ಲ, ನನ್ನ ಮೂಗಿನೆದುರು, ನಾನು ಕೊರೆದ ತೂತಿನ ತುಂಬ, ಕರಿ ಉಗುರು, ಆ ಬೆರಳ ತುದಿ