ಏನೂ ತಾಗದ ಮನೆ

ನಲವತ್ತು ದಾಟುವ ಹೊತ್ತಿಗೆ ಉಮಾದೇವಿಯ ಕಣ್ಣು ಮಂಜಾಗುತ್ತ ಬಂದು, ಬೆಳಕು ಯಾವುದು, ನೆರಳು ಯಾವುದು ಎಂಬಷ್ಟು ಮಾತ್ರ ತಿಳಿಯುವಂತಾಗಿತ್ತು. ಸೇಡಂನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದವಳು ಕೆಲಸ ಬಿಟ್ಟು ಮನೆಯಲ್ಲೇ ಉಳಿದಳು. ಓಡಾಡಿದರೆ ಮಂಚದ ಕಾಲು, ಟೀಪಾಯಿ, ಕಪಾಟಿನ ಮೂಲೆ ತಾಗಿ ಮೊಣಕಾಲಿಗೆ ಸದಾ ಗಾಯ.

ಗಂಡ ಮಹೇಶಕುಮಾರ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿದ್ದ. ಮಾತು ಕಡಿಮೆ. ಹೆಂಡತಿಯ ಗಾಯ ನೋಡಲಾರದೆ ಶಹಾಬಾದಿನಿಂದ ಲುಂಬಿನಿ ಎಂಬ ಇಂಟೀರಿಯರ್ ಡಿಸೈನರನ್ನು ಕರೆಸಿದ. ಮನೆಯಲ್ಲಿ ಬೇಕಾದ್ದಷ್ಟೇ ಇರಲಿ, ಇವಳಿಗೆ ಏನೂ ತಾಗಬಾರದು, ಬೆಳಕು ಚೆನ್ನಾಗಿ ಬರಲಿ ಎಂದ. ಲುಂಬಿನಿ ಹಾಗೆಯೇ ನಕ್ಷೆ ಹಾಕಿದಳು. ನಡುಗೋಡೆ ಒಡೆದು ಒಂದೇ ದೊಡ್ಡ ಹಾಲ್, ಬಿಳಿ ಗೋಡೆ, ನುಣುಪಾದ ಬಿಳಿ ಟೈಲ್ಸ್, ಗೋಡೆಯಲ್ಲೇ ಸೇರಿಹೋದ, ಹಿಡಿಕೆಯಿಲ್ಲದೆ ಒತ್ತಿದರೆ ತೆರೆಯುವ ಕಪಾಟುಗಳು. ಎಲ್ಲವನ್ನೂ ಅವಳು ಮಹೇಶಕುಮಾರನನ್ನೇ ಕೇಳಿ ತೀರ್ಮಾನಿಸಿದಳು.

ಕೆಲಸ ಮುಗಿಯುವವರೆಗೆ ಉಮಾದೇವಿ ದಂಡೋತಿಯಲ್ಲಿ ತಂಗಿಯ ಮನೆಯಲ್ಲಿದ್ದಳು. ಅಲ್ಲಿ ಒಂದು ಬೆಳಿಗ್ಗೆ ಎದ್ದಾಗ ಕಿಟಕಿಯ ಬೆಳಕೂ ಕಾಣಲಿಲ್ಲ. ಮರುದಿನವೂ ಕಾಣಲಿಲ್ಲ. ಯಾರಿಗೂ ಹೇಳಲಿಲ್ಲ. ಗಂಡ ದಿನಾ ಫೋನ್ ಮಾಡಿ ಇವತ್ತು ಯಾವ ಗೋಡೆ ಮುಗಿಯಿತು, ಕಿಟಕಿ ಎಷ್ಟು ದೊಡ್ಡದಾಯಿತು ಎಂದು ಹೇಳುತ್ತಿದ್ದ. ಮದುವೆಯಾದಾಗಿನಿಂದ ಅವನು ಅಷ್ಟು ಮಾತಾಡಿದ್ದೇ ಇಲ್ಲ. ಹೇಳಿದರೆ ಆ ಮಾತು ನಿಂತುಹೋದೀತೆಂದು ಅವಳಿಗೆ ಅಂಜಿಕೆ.

ಮನೆಗೆ ಬಂದ ದಿನ ಅವನು ಕೈ ಹಿಡಿದು ಹಾಲ್‌ನ ನಡುವೆ ನಿಲ್ಲಿಸಿ, ಹೆಂಗ ಅದ ಎಂದು ಕೇಳಿದ. ಬೆಳಕು ಭಾಳ ಅದ ಎಂದಳು.

ಅವನು ಡ್ಯೂಟಿಗೆ ಹೋದ ಮೇಲೆ ಅವಳೊಬ್ಬಳೇ. ಮಗಳು ಐಶ್ವರ್ಯ ಕಲಬುರಗಿಯ ಹಾಸ್ಟೆಲಿನಿಂದ ಭಾನುವಾರ ಮಾತ್ರ ಬರುತ್ತಿದ್ದಳು. ಕೈ ಚಾಚಿದರೆ ಏನೂ ಸಿಗುತ್ತಿರಲಿಲ್ಲ. ಗೋಡೆ ಸಿಕ್ಕರೂ ಯಾವ ಗೋಡೆಯೆಂದು ತಿಳಿಯುತ್ತಿರಲಿಲ್ಲ. ಚಹಾದ ಕಪ್ಪು ಹುಡುಕಿ ಕಪಾಟು ಒತ್ತಿದರೆ ಚಪ್ಪಲಿ ಕೈಗೆ ಬಂತು. ಖಾಲಿ ಹಾಲ್‌ನಲ್ಲಿ ಅವಳದೇ ದನಿ ತಿರುಗಿ ಬಂದು ಬೆಚ್ಚಿಬೀಳಿಸುತ್ತಿತ್ತು. ಕೊನೆಗೆ ಅವಳು ಗಂಡ ಬರುವ ತನಕ ಸೋಫಾ ಬಿಟ್ಟು ಏಳುವುದನ್ನೇ ನಿಲ್ಲಿಸಿದಳು. ಓಣಿಯ ಹೆಂಗಸರು ಬಂದು, ಮನೆ ಹೊಗಳಿ ಹೋಗುತ್ತಿದ್ದರು.

ಚಳಿಗಾಲದ ಒಂದು ರಾತ್ರಿ, ಫ್ಯಾನ್ ಹಾಕಿರಲಿಲ್ಲ. ಇಬ್ಬರೂ ಊಟಕ್ಕೆ ಕುಳಿತಾಗ ಕರೆಂಟ್ ಹೋಯಿತು.

"ಮೇಣಬತ್ತಿ ಎಲ್ಲಿಟ್ಟಿ?" ಎಂದ ಮಹೇಶಕುಮಾರ.

"ಯಾಕ್ರಿ?" ಎಂದಳು ಅವಳು.

ಕರೆಂಟ್ ಹೋದದ್ದು ಅವಳಿಗೆ ತಿಳಿದೇ ಇಲ್ಲವೆಂದು ಅವನಿಗೆ ಹೊಳೆಯಿತು. ಯಾವಾಗಿನಿಂದ ಎಂದು ಕೇಳಿದ. ದಂಡೋತಿಯಲ್ಲಿದ್ದಾಗಿನಿಂದ ಎಂದಳು.

"ಮತ್ತ ಬೆಳಕು ಅದ ಅಂದಿ?"

"ನೀವು ಅಷ್ಟು ಖುಷೀಲೆ ಕೇಳಿದ್ರಿ. ಏನಂತ ಹೇಳ್ಲಿ?" ಅವಳು ತಾಟಿನ ಅಂಚು ಹಿಡಿದುಕೊಂಡಳು. "ಮೊದಲು ತಾಗ್ತಿತ್ತು, ನೋಯ್ತಿತ್ತು ಖರೆ. ಆದ್ರ ಎಲ್ಲಿದ್ದೀನಿ ಅಂತ ಗೊತ್ತಾಗ್ತಿತ್ತರಿ. ಈಗ ಏನೂ ತಾಗಲ್ಲ. ಬಯಲಾಗ ಕುಂತಂಗ ಅನಸ್ತದ."

ಅವನು ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡ.

ಮುಂದಿನ ವಾರ, ಅವನು ಕರೆಸಿದ್ದಕ್ಕೆ, ಲುಂಬಿನಿ ಮತ್ತೆ ಬಂದಳು. ಈ ಸಲ ಉಮಾದೇವಿಯ ಕೈ ಹಿಡಿದು ಮನೆಯೆಲ್ಲ ಸುತ್ತಿದಳು. "ಮೊದಲೇ ನಿಮ್ಮನ್ನ ಕೇಳಬೇಕಾಗಿತ್ತು, ಮೇಡಂ," ಎಂದಳು. ಬಾಗಿಲಿನಿಂದ ಅಡುಗೆಮನೆಗೆ, ಅಲ್ಲಿಂದ ಮಲಗುವ ಕೋಣೆಗೆ ಟೈಲ್ಸ್ ಕಿತ್ತು ಒರಟು ಕಲ್ಲಿನ ಪಟ್ಟಿ ಕೂಡಿಸಿದಳು. ಒಂದೊಂದು ಕಪಾಟಿಗೆ ಒಂದೊಂದು ತರಹದ ಹಿಡಿಕೆ ಹಾಕಿಸಿದಳು. ಉಮಾದೇವಿ ಅಂಗಾಲಿನಿಂದಲೇ ದಾರಿ ಕಲಿತು, ತಾನೇ ಚಹಾ ಮಾಡಿಕೊಳ್ಳುವಂತಾದಳು.

ದಿನಾ ಫೋನಿನಲ್ಲಿ ಅಷ್ಟು ಮಾತಾಡಿದ್ದ ಮಹೇಶಕುಮಾರ ಮಾತ್ರ ಮತ್ತೆ ಮನೆಯ ಮಾತೆತ್ತಲಿಲ್ಲ. ಕಾರ್ಖಾನೆಯಿಂದ ಬಂದು, ಔಷಧ ತಗೊಂಡಿ ಏನು ಎಂದು ಕೇಳಿ, ಹಾಲ್‌ನ ಆ ತುದಿಯಲ್ಲಿ ಪೇಪರ್ ಹಿಡಿದು ಕೂಡುತ್ತಿದ್ದ. ಅಲ್ಲಿಯವರೆಗೆ ಕಲ್ಲಿನ ಪಟ್ಟಿ ಇರಲಿಲ್ಲ. ಒಂದು ಸಂಜೆ ಅವಳು ಪುಟ ಮಗುಚುವ ಸಪ್ಪಳ ಹಿಡಿದು, ನುಣುಪಾದ ನೆಲದ ಮೇಲೆ ಮೆಲ್ಲಗೆ ನಡೆದು ಅವನ ಬಳಿ ಹೋದಳು. ಅವನು ಸರಿದು ಜಾಗ ಕೊಟ್ಟ. ಅವಳು ಕುಳಿತಳು. ಅವನು ಪೇಪರ್ ಓದುತ್ತಲೇ ಇದ್ದ.